ಕೂಡುವ ತಟ್ಟೆ, ಕಳೆಯುವ ತಟ್ಟೆ

ಕೆಲಸ ಕೆಟ್ಟದ್ದು ಒಂದು ಭಾನುವಾರ ಸಂಜೆ ನಾಲ್ಕು ಗಂಟೆ ಹತ್ತು ನಿಮಿಷಕ್ಕೆ. ತೆರಕಣಾಂಬಿಯ ನನ್ನ ತಂಗಿಯ ಮನೆಯಲ್ಲಿ ಗುಂಡ್ಲುಪೇಟೆಯ ಬಸ್ಸು ತಪ್ಪದಿರಲೆಂದು ಗೋಡೆ ಗಡಿಯಾರವನ್ನು ಸದಾ ಹತ್ತು ನಿಮಿಷ ಮುಂದಿಟ್ಟಿರುವುದರಿಂದ, ಲೋಕದ ಲೆಕ್ಕದಲ್ಲಿ ಅದು ಸರಿಯಾಗಿ ನಾಲ್ಕು ಗಂಟೆ. ಆ ಗಳಿಗೆಯಲ್ಲಿ ನಾನು ನೋಡುತ್ತಿದ್ದದ್ದು ತೀರ ಕ್ಷುಲ್ಲಕವಾದ ಒಂದು ದೃಶ್ಯವನ್ನು. ಟಿ.ವಿ.ಯ ಕೆಳಗಿನ ಹಳೆಯ ಡಿವಿಡಿ ಪ್ಲೇಯರು ನಮ್ಮೆಲ್ಲರ ಕಣ್ಣೆದುರಿಗೇ ಒಂದು ತಟ್ಟೆಯನ್ನು ನುಂಗಿತು, ಒಳಗೆ ಗಿರಗಿರನೆ ತಿರುಗಿಸಿ ರುಚಿ ನೋಡಿತು, ಆಮೇಲೆ ಹಸಿರು ಅಕ್ಷರಗಳಲ್ಲಿ ‘ನೋ ಡಿಸ್ಕ್’ ಎಂದು ಪ್ರಕಟಿಸಿತು. ಬಾಯಲ್ಲಿ ತಟ್ಟೆಯನ್ನು ಇಟ್ಟುಕೊಂಡೇ ತಟ್ಟೆ ಇಲ್ಲವೆಂದು ಅಷ್ಟು ಗಂಭೀರವಾಗಿ ಹೇಳುವ ಕಲೆ ಮನುಷ್ಯರಿಗೆ ಮಾತ್ರ ಸಿದ್ಧಿಸಿದ್ದೆಂದು ನೀವು ತಿಳಿದಿದ್ದರೆ, ಆ ಯಂತ್ರವನ್ನು ಒಮ್ಮೆ ನೋಡಬೇಕಿತ್ತು. ಅಥವಾ ಅದರ ಪಕ್ಕದಲ್ಲಿ ಕೂತಿದ್ದ ನನ್ನನ್ನು.

ಮುಂದಿನ ಕೆಲವು ನಿಮಿಷಗಳಲ್ಲಿ ಏನಾಯಿತೋ ಅದನ್ನು ನಾನು ಈಗಲೂ ದಿನಕ್ಕೆ ಹತ್ತು ಸಲ ಮನಸ್ಸಿನಲ್ಲಿ ಮತ್ತೆ ಓಡಿಸಿ ನೋಡುತ್ತೇನೆ. ಪ್ರತಿ ಸಲವೂ ಬೇಡವಾದ ಜಾಗಕ್ಕೇ ಬಂದು ನಿಲ್ಲುತ್ತದೆ. ಚಾಮರಾಜನಗರದ ಪ್ರೌಢಶಾಲೆಯೊಂದರಲ್ಲಿ ಇಪ್ಪತ್ತು ವರ್ಷಗಳಿಂದ ವಿಜ್ಞಾನ ಪಾಠ ಮಾಡುವ ನಾನು, ಈಗ ತರಗತಿಯ ಫ್ಯಾನಿನ ಸ್ವಿಚ್ಚನ್ನು ಒತ್ತುವ ಮೊದಲು ಒಂದು ಕ್ಷಣ ತಡೆಯುತ್ತೇನೆ. ಮೇಡಂ ದೇವರನ್ನು ನೆನೆಯುತ್ತಿದ್ದಾರೆಂದು ಮಕ್ಕಳು ತಿಳಿದಿದ್ದಾರೆ. ತಿಳಿದುಕೊಳ್ಳಲಿ, ಒಳ್ಳೆಯ ಅಭಿಪ್ರಾಯವನ್ನು ನಾನಾಗಿ ತಿದ್ದಿದ ಚರಿತ್ರೆ ನನ್ನದಲ್ಲ. ಈ ಪ್ರಬಂಧವೇ ಅದಕ್ಕೆ ಸಾಕ್ಷಿ.

ಕಥೆ ಶುರುವಾಗುವುದು ಹತ್ತೊಂಬತ್ತು ವರ್ಷಗಳ ಹಿಂದೆ, ನನ್ನ ತಂಗಿ ಮಂಜುಳಳ ಮದುವೆಯಲ್ಲಿ. ಆ ಕಾಲವನ್ನು ನೀವು ಮರೆತಿರಬಹುದು. ಅದಕ್ಕೆ ಸ್ವಲ್ಪ ಮುಂಚೆ ನಮ್ಮ ಕಡೆ ಸಿನಿಮಾ ನೋಡುವುದೆಂದರೆ ವಿಸಿಡಿ. ಒಂದು ಸಿನಿಮಾಕ್ಕೆ ಎರಡೋ ಮೂರೋ ತಟ್ಟೆ, ಸರಿಯಾಗಿ ನಾಯಕಿಯ ಕಣ್ಣಲ್ಲಿ ನೀರು ಬರುವ ಹೊತ್ತಿಗೆ ಯಾರಾದರೂ ಎದ್ದು ತಟ್ಟೆ ಬದಲಿಸಬೇಕು. ಆಮೇಲೆ ಡಿವಿಡಿ ಬಂತು, ಇಡೀ ಸಿನಿಮಾ ಒಂದೇ ತಟ್ಟೆಯಲ್ಲಿ ಅಡಗಿತು, ನಾಯಕಿ ನಿರಾತಂಕವಾಗಿ ಅಳುವಂತಾಯಿತು. ಇಲ್ಲಿಗೆ ಸಮಸ್ಯೆ ಮುಗಿಯಿತೆಂದುಕೊಳ್ಳುವಷ್ಟರಲ್ಲಿ, ಮನೆಯಲ್ಲೇ ತುಂಬಿಕೊಳ್ಳುವ ಖಾಲಿ ಡಿವಿಡಿಗಳು ಎರಡು ಪಂಗಡಗಳಾಗಿ ಪೇಟೆಗೆ ಬಂದವು. ಒಂದರ ಹೆಸರಿನ ಜೊತೆ ಮೈನಸ್ ಗುರುತು, ಇನ್ನೊಂದರ ಜೊತೆ ಪ್ಲಸ್. ಅದೇ ಗಾತ್ರ, ಅದೇ ಹೊಳಪು, ನಡುವೆ ಅದೇ ತೂತು. ದೂರದ ದೇಶಗಳ ದೊಡ್ಡ ಕಂಪನಿಗಳು ಪರಸ್ಪರ ಒಪ್ಪಲಾರದೆ ಎರಡು ಬಣಗಳಾಗಿ, ತಮ್ಮ ಗುರುತೇ ಶಾಶ್ವತವೆಂದು ವಾದಿಸುತ್ತಿದ್ದವು. ಹೊಸ ಪ್ಲೇಯರುಗಳು ಎರಡನ್ನೂ ಓದುತ್ತಿದ್ದವು. ಹಳೆಯ ಮಾದರಿಯವು ಕೆಲವು ಒಂದನ್ನು ಮಾತ್ರ ಓದಿ, ಇನ್ನೊಂದನ್ನು ಕಂಡರೂ ಕಾಣದ ಹಾಗೆ ಇದ್ದುಬಿಡುತ್ತಿದ್ದವು.

ಇಂಥ ಜಗಳಗಳಲ್ಲಿ ನನಗೆ ಅಪಾರ ಆಸಕ್ತಿ. ಶಾಲೆಗೆ ಬರುತ್ತಿದ್ದ ವಿಜ್ಞಾನ ಪತ್ರಿಕೆಯೊಂದನ್ನು ಓದಿ, ಪ್ಲಸ್ ಎನ್ನುವುದು ನಾಲ್ಕು ದಿನದ ಆಟ, ಮೊದಲು ಬಂದ ಮೈನಸ್ಸೇ ಉಳಿಯುತ್ತದೆ ಎಂದು ನಾನು ತೀರ್ಮಾನಿಸಿದ್ದೆ. ತಂಗಿಯ ಮದುವೆಗೆ ಡಿವಿಡಿ ಪ್ಲೇಯರನ್ನೇ ಉಡುಗೊರೆ ಕೊಡಬೇಕೆಂದು ಮೈಸೂರಿಗೆ ಹೋದಾಗ, ಅಂಗಡಿಯವನು ಪಾಪ ಎರಡೂ ಓದುವುದನ್ನು ತೋರಿಸಿದ. ನಾನು ಅವನಿಗೆ ಕಾಲು ಗಂಟೆ ಪಾಠ ಮಾಡಿ, ಮೈನಸ್ ಮಾತ್ರ ಓದುವ ಹಳೆಯ ಮಾದರಿಯನ್ನೇ ಆರಿಸಿದೆ. ಅದರ ಮುಖ ಅಗಲವಾಗಿ, ಹಸಿರು ಅಕ್ಷರಗಳು ದೊಡ್ಡದಾಗಿ ಘನತೆಯಿಂದ ಇದ್ದವು ಎಂಬುದೂ ಒಂದು ಕಾರಣ.

ನನ್ನ ಭವಿಷ್ಯವಾಣಿಯಲ್ಲಿ ಕಂಪನಿಗಳ ಲೆಕ್ಕವಿತ್ತು. ಗುಂಡ್ಲುಪೇಟೆಯ ಪುಟ್ಟಸ್ವಾಮಿಯ ಲೆಕ್ಕ ಇರಲಿಲ್ಲ. ಪುಟ್ಟಸ್ವಾಮಿ ಮದುವೆ ಮುಂಜಿಗಳ ವಿಡಿಯೋ ತೆಗೆಯುವವನು. ಅವನ ಸ್ಟುಡಿಯೋದಲ್ಲಿ ಎರಡು ಡಬ್ಬಗಳಿದ್ದವು, ಒಂದರಲ್ಲಿ ಪ್ಲಸ್ ತಟ್ಟೆ, ಒಂದರಲ್ಲಿ ಮೈನಸ್. ಯಾರೋ ಒಬ್ಬ ಹೆಣ್ಣಿನ ತಂದೆ, ಮಗಳ ಮದುವೆಯ ತಟ್ಟೆಯ ಮೇಲೆ ಕಳೆಯುವ ಗುರುತು ಇರುವುದನ್ನು ಕಂಡು ಅಂಗಡಿಯಲ್ಲೇ ಮುಖ ಕೆಂಪಗೆ ಮಾಡಿಕೊಂಡು ಅದನ್ನು ವಾಪಸು ಇಟ್ಟು ಹೋಗಿದ್ದನಂತೆ. ಅಂದಿನಿಂದ ಪುಟ್ಟಸ್ವಾಮಿ ಒಂದು ನೇಮ ಮಾಡಿಕೊಂಡ. ಮದುವೆ, ನಾಮಕರಣ, ಗೃಹಪ್ರವೇಶಗಳಿಗೆ ಪ್ಲಸ್; ತಿಥಿಗೆ ಮೈನಸ್. ನಾನು ಪತ್ರಿಕೆಯ ಜ್ಞಾನವನ್ನೆಲ್ಲ ಸುರಿದು ಮಂಜುಳಳ ಮದುವೆಯನ್ನು ಮೈನಸ್ಸಿನಲ್ಲೇ ತುಂಬಿಕೊಡು ಎಂದು ಕೇಳಿದಾಗ ಅವನು ನನ್ನನ್ನು ನೋಡಿದ ನೋಟದಲ್ಲಿ ಕನಿಕರವಿತ್ತು.

“ಕೂಡೋ ಮನಗ ಕಳ್ಯೋ ತಟ್ಟ ಕೊಡದಾ ಮೇಡಂ? ನಿಮ್ಮ ತಂಗಿ ಬಾಳಬೇಕಾ ಬ್ಯಾಡ್ವಾ?”

ಇದಕ್ಕೆ ಭೌತಶಾಸ್ತ್ರದಲ್ಲಿ ಉತ್ತರವಿಲ್ಲ. ತಿಂಗಳ ನಂತರ ಅರಿಸಿನ ಕುಂಕುಮ ಹಚ್ಚಿದ ಪ್ಲಸ್ ತಟ್ಟೆ ತೆರಕಣಾಂಬಿಗೆ ಬಂತು. ಮೂಲ ಟೇಪನ್ನು ಪುಟ್ಟಸ್ವಾಮಿ ವಾಡಿಕೆಯಂತೆ ಮುಂದಿನ ಮದುವೆಗೆ ಬಳಸಿಬಿಟ್ಟಿದ್ದ. ಹಾಗಾಗಿ ಇದ್ದದ್ದು ಅದೊಂದೇ.

ಮೊದಲ ಪ್ರದರ್ಶನಕ್ಕೆ ಮಂಜುಳಳ ಅತ್ತೆಯ ಮನೆಯಲ್ಲಿ ಬೀದಿಯ ಅರ್ಧ ಜನ ಸೇರಿದ್ದರು. ನಾನೇ ಉದ್ಘಾಟಕಿ. ಪ್ಲೇಯರು ತಟ್ಟೆಯನ್ನು ನುಂಗಿತು, ತಿರುಗಿಸಿತು, ‘ನೋ ಡಿಸ್ಕ್’ ಎಂದಿತು. ಮೂರನೆಯ ಸಲಕ್ಕೆ ನನಗೆ ವಿಷಯ ಹೊಳೆಯಿತು. ತಪ್ಪು ತಟ್ಟೆಯದಲ್ಲ, ಅದನ್ನು ಓದಲಾರದ ಪ್ಲೇಯರನ್ನು ಹಟ ಮಾಡಿ ಆರಿಸಿದ ನನ್ನದು. ಆ ಒಂದು ವಾಕ್ಯವನ್ನು ಅಲ್ಲಿಯೇ ಹೇಳಿಬಿಟ್ಟಿದ್ದರೆ ಎಲ್ಲರೂ ನಕ್ಕು ಕಾಫಿ ಕುಡಿದು ಎದ್ದು ಹೋಗುತ್ತಿದ್ದರು. ಆದರೆ ಇಪ್ಪತ್ತು ಜನರ ಎದುರಿಗೆ, ತವರಿನಿಂದ ಬಂದ ಉಡುಗೊರೆಯ ಎದುರಿಗೆ, ಬಿ.ಎಸ್ಸಿ. ಓದಿದ ನನ್ನ ಬಾಯಿಂದ ಬಂದ ಮಾತು ಬೇರೆ: “ಲೆನ್ಸಿಗೆ ಧೂಳು ಕೂತಿರಬೇಕು.”

ಸುಳ್ಳುಗಳಲ್ಲೂ ಎರಡು ಜಾತಿ. ಕೆಲವು ಆ ಹೊತ್ತಿಗೆ ಮುಗಿಯುತ್ತವೆ. ಕೆಲವನ್ನು ನಂಬಿದವರು ಪ್ರೀತಿಯಿಂದ ಸಾಕುತ್ತಾರೆ. ಮಂಜುಳಳ ಗಂಡ ಮಾದೇಶ ಹಾಗೆ ನಂಬಿದವರು. ಒಂದೂವರೆ ಎಕರೆ ಬಾಳೆ ತೋಟ ನೋಡಿಕೊಂಡು, ಬದನಗುಪ್ಪೆಯ ಕಾರ್ಖಾನೆಯೊಂದರಲ್ಲಿ ಪಾಳಿಯ ಕೆಲಸವನ್ನೂ ಮಾಡುವ ಮನುಷ್ಯ, ತನ್ನ ಹೆಂಡತಿಯ ಅಕ್ಕ ಹೇಳಿದ್ದಾರೆಂದರೆ ಅದು ಅಚ್ಚಾದ ಪುಸ್ತಕ ಎಂದುಕೊಂಡವರು. ಲೆನ್ಸು ಒರೆಸುವುದಕ್ಕೆಂದೇ ಸಣ್ಣ ಬ್ರಶ್ಶಿರುವ ತಟ್ಟೆಯೊಂದನ್ನು ತಂದು, ಪ್ರತಿ ವರ್ಷ ಮನೆಗೆ ಸುಣ್ಣ ಬಳಿಯುವಾಗ ಪ್ಲೇಯರಿನ ಕಣ್ಣನ್ನೂ ಶುದ್ಧಿ ಮಾಡುತ್ತಿದ್ದರು. ಆಮೇಲೆ ಮದುವೆಯ ತಟ್ಟೆ ಹಾಕುವುದು, ‘ನೋ ಡಿಸ್ಕ್’, ಮತ್ತೆ ಅದನ್ನು ಬೀರುವಿನಲ್ಲಿ ಸೀರೆಗಳ ಮಧ್ಯೆ ಇಡುವುದು. ಅದು ಆ ಮನೆಯ ಒಂದು ಆಚರಣೆಯೇ ಆಗಿಹೋಯಿತು.

ಆ ತಟ್ಟೆಯನ್ನು ಚಾಮರಾಜನಗರಕ್ಕೆ ತಂದು, ಎರಡೂ ಓದುತ್ತಿದ್ದ ನನ್ನ ಮನೆಯ ಪ್ಲೇಯರಿನಲ್ಲಿ ನಾನು ನಮ್ಮ ಅವ್ವನ ಜೊತೆ ಒಮ್ಮೆ ನೋಡಿದ್ದೆ. ಹೌದು, ನನ್ನ ಮನೆಗೆ ಮಾತ್ರ ಎರಡೂ ಓದುವುದನ್ನು ಕೊಂಡಿದ್ದೆ. ಪಂಡಿತರು ಸ್ವಂತಕ್ಕೆ ಸಿದ್ಧಾಂತಗಳನ್ನು ಅಷ್ಟಾಗಿ ಬಳಸುವುದಿಲ್ಲ. ಅವ್ವ ತನ್ನನ್ನು ತಾನು ಟಿ.ವಿ.ಯಲ್ಲಿ ಕಂಡು ನಾಚಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಮೂರು ವರ್ಷದ ನಂತರ, ಮಂಜುಳಳ ಮಗಳು ಸಿಂಚನ ಎಂಟು ತಿಂಗಳ ಕೂಸಾಗಿದ್ದಾಗ, ಅವ್ವ ನಮ್ಮ ತವರೂರು ಹರದನಹಳ್ಳಿಯ ಮನೆಯಲ್ಲಿ ತೀರಿಕೊಂಡಳು. ಹನ್ನೊಂದನೆಯ ದಿನದ ತಿಥಿಯ ವಿಡಿಯೋ ತೆಗೆದವನೂ ಪುಟ್ಟಸ್ವಾಮಿಯೇ. ನೇಮದ ಪ್ರಕಾರ ಮೈನಸ್ ತಟ್ಟೆ ಕೊಟ್ಟ.

ಅದನ್ನು ತೆರಕಣಾಂಬಿಯ ಪ್ಲೇಯರಿಗೆ ಹಾಕಿದ ದಿನ ನಾನೂ ಅಲ್ಲಿದ್ದೆ. ಅದು ಒಂದು ಸಲವೂ ತೊದಲದೆ ಓದಿತು. ಎಡೆ, ಹೂವಿನ ಹಾರದ ಫೋಟೋ, ತಲೆ ಬಗ್ಗಿಸಿ ಕೂತ ನಾವು, ಎಲ್ಲವೂ ಕನ್ನಡಿಯಷ್ಟು ನಿಚ್ಚಳ. ನಾನು ಆರಿಸಿ ತಂದ ಯಂತ್ರ ಅವ್ವ ಇಲ್ಲವೆಂಬುದನ್ನು ಮಾತ್ರ ತೋರಿಸಬಲ್ಲದು, ಅವ್ವ ಇದ್ದದ್ದನ್ನು ತೋರಿಸಲಾರದು ಎಂಬುದು ಆಗ ನನ್ನ ಎದೆಗೆ ಬಡಿಯಿತು. ಮಾದೇಶ ಸಂತೋಷದಿಂದ, ನೋಡಿ ಅತ್ಗೆ, ಲೆನ್ಸು ಸರಿಹೋಗಿದೆ ಎಂದರು. ಆಗಲಾದರೂ ಹೇಳಬಹುದಿತ್ತು. ಇದು ಹೊಸ ತಟ್ಟೆ, ಧೂಳಿದ್ದರೂ ಹಿಡಿಯಿತು ಎಂದೆ.

ನಾನು ಸೋತ ಪಕ್ಷವನ್ನು ಹಿಡಿದದ್ದು ಅದೊಂದೇ ಸಲವೂ ಅಲ್ಲ. ಆಮೇಲೆ ಸಿನಿಮಾಗಳನ್ನು ಇನ್ನೂ ಸ್ಪಷ್ಟವಾಗಿ ತೋರಿಸುವ ತಟ್ಟೆಗಳು ಬಂದವು. ಅಲ್ಲೂ ಎರಡು ಬಣ, ಬ್ಲೂ ರೇ ಮತ್ತು ಎಚ್‌ಡಿ ಡಿವಿಡಿ. ಗುಂಡ್ಲುಪೇಟೆಯ ಬಸ್ ನಿಲ್ದಾಣದ ಹತ್ತಿರ ವಯನಾಡಿನಿಂದ ಬಂದು ನೆಲೆಸಿದ ಜೋಸಣ್ಣನ ಬೇಕರಿಯಿದೆ. ಬಸ್ಸಿಗೆ ಕಾಯುತ್ತ ಚಹಾ ಕುಡಿಯುವಾಗ, ಎರಡನೆಯದೇ ಗೆಲ್ಲುತ್ತದೆಂದು ನಾನು ಅವನಿಗೆ ವಿವರವಾಗಿ ತಿಳಿಸಿಕೊಟ್ಟೆ. ಜೋಸಣ್ಣ ಅದನ್ನು ಶ್ರದ್ಧೆಯಿಂದ ಕೇಳಿ, ಗಲ್ಫಿನಲ್ಲಿದ್ದ ತಮ್ಮನಿಗೆ ಫೋನಿನಲ್ಲಿ ಹೇಳಿದ. ತಮ್ಮ ರಜೆಗೆ ಬರುವಾಗ ಒಂದು ಭಾರಿ ಎಚ್‌ಡಿ ಡಿವಿಡಿ ಪ್ಲೇಯರನ್ನು ಹೊತ್ತು ತಂದ. ಕೆಲವೇ ತಿಂಗಳುಗಳಲ್ಲಿ ಆ ಬಣ ಸೋಲೊಪ್ಪಿಕೊಂಡಿತು, ಅಂಥ ತಟ್ಟೆಗಳು ಬರುವುದೇ ನಿಂತುಹೋಯಿತು. ಜೋಸಣ್ಣನ ಬಳಿ ಉಳಿದದ್ದು ಡಬ್ಬದ ಜೊತೆ ಪುಕ್ಕಟೆಯಾಗಿ ಬಂದಿದ್ದ ಒಂದೇ ತಟ್ಟೆ, ಸಮುದ್ರದ ತಳದ ಮೀನುಗಳದ್ದು. ವರ್ಷಗಟ್ಟಲೆ ಗುಂಡ್ಲುಪೇಟೆಯ ಜನ ಪಫ್ಸ್ ತಿನ್ನುತ್ತ ಅದೇ ಮೀನುಗಳನ್ನು ನೋಡಿದರು. ಅವನು ನನ್ನನ್ನು ಒಂದು ಮಾತೂ ಅನ್ನಲಿಲ್ಲ. ನಾನು ಹೋದಾಗಲೆಲ್ಲ ಮೀನು ಹಾಕುತ್ತಿದ್ದ; ಅದು ಗೌರವವೋ ಶಿಕ್ಷೆಯೋ ನನಗೆ ತಿಳಿಯಲಿಲ್ಲ.

ಕಾಲ ಉರುಳಿತು. ನನ್ನ ಮನೆಯ ಪ್ಲೇಯರು ಕೆಟ್ಟಿತು. ಪುಟ್ಟಸ್ವಾಮಿ ಸ್ಟುಡಿಯೋ ಮುಚ್ಚಿ ಮೊಬೈಲ್ ಅಂಗಡಿ ತೆರೆದ. ಪ್ಲಸ್ಸೂ ಗೆಲ್ಲಲಿಲ್ಲ, ಮೈನಸ್ಸೂ ಗೆಲ್ಲಲಿಲ್ಲ. ತಟ್ಟೆಯೆಂಬ ವಸ್ತುವೇ ಲೋಕದಿಂದ ಎದ್ದು ಹೋಯಿತು. ಮದುವೆಯ ತಟ್ಟೆಯನ್ನು ಪೆನ್ ಡ್ರೈವಿಗೆ ಹಾಕಿಸಿಬಿಡೋಣವೆಂದು ಮಂಜುಳ ಎಷ್ಟೋ ಸಲ ಹೇಳಿದಳು. ಮುಂದಿನ ಸಲ ಎಂದೆ. ಕಂಪ್ಯೂಟರ್ ಅಂಗಡಿಯ ಹುಡುಗರು, ತಟ್ಟೆ ಚೆನ್ನಾಗೇ ಇದೆಯಲ್ಲ, ಇಷ್ಟು ದಿನ ಯಾಕೆ ಓಡಲಿಲ್ಲ ಎಂದು ಕೇಳಿಬಿಟ್ಟರೆ? ಇಂಥ ಅಲ್ಪ ಭಯದಿಂದ ಮನುಷ್ಯ ಎಷ್ಟು ವರ್ಷ ಮುಂದೂಡಬಹುದೆಂಬುದು ಆಶ್ಚರ್ಯದ ವಿಷಯ.

ಹೀಗಿರುವಾಗ ಆ ಭಾನುವಾರ, ಈಗ ಪಿ.ಯು.ಸಿ. ಓದುತ್ತಿರುವ ಸಿಂಚನ ಬೀರುವಿನಿಂದ ತಟ್ಟೆಯನ್ನು ತೆಗೆದು ತಂದಳು. ಅವಳು ನಡೆಯುವುದು ಥೇಟ್ ಅಜ್ಜಿಯ ಹಾಗೆ ಎಂದು ಹರದನಹಳ್ಳಿಯವರು ಯಾರು ಬಂದರೂ ಹೇಳುತ್ತಾರೆ.

“ಎಲ್ರೂ ಅಂತಾರ, ನಾನೊಬ್ಳೇ ನೋಡಿಲ್ಲ ದೊಡ್ಡವ್ವ,” ಎಂದಳು. “ಅಜ್ಜಿ ಹೆಂಗ್ ನಡೀತಿತ್ತು ಅಂತ ಒಂದ್ಸಲ ತೋರ್ಸು.”

ತಟ್ಟೆ ಒಳಗೆ ಹೋಯಿತು. ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ‘ನೋ ಡಿಸ್ಕ್’ ಬಂತು. ತೋಟದಿಂದ ಬಂದು ಕೈಕಾಲು ತೊಳೆದುಕೊಂಡು ನಿಂತಿದ್ದ ಮಾದೇಶರಿಗೆ ಮಗಳ ಮುಖ ನೋಡಲಾಗಲಿಲ್ಲ. ಈ ಸಲ ಬ್ರಶ್ಶಿನಿಂದ ಆಗುವುದಿಲ್ಲ, ಮುಚ್ಚಳವನ್ನೇ ಬಿಚ್ಚಿ ಲೆನ್ಸನ್ನು ಕೈಯಾರೆ ಒರೆಸುತ್ತೇನೆಂದು ಸ್ಕ್ರೂಡ್ರೈವರ್ ತಂದರು. ಬೇಡ ಎನ್ನಲು ನನಗೆ ಒಂದೇ ಒಂದು ಕಾರಣವಿತ್ತು, ಅದನ್ನು ನಾನು ಹತ್ತೊಂಬತ್ತು ವರ್ಷಗಳಿಂದ ನುಂಗಿಕೊಂಡಿದ್ದೆ. ಪ್ಲಗ್ಗು ಬೀರುವಿನ ಸಂದಿಯಲ್ಲಿ ಬಿಗಿಯಾಗಿ ಸಿಕ್ಕಿಕೊಂಡಿತ್ತು, ಕೀಳಲು ಬರಲಿಲ್ಲ. ನಾನು ಗೋಡೆಯ ಸ್ವಿಚ್ಚನ್ನು ಆರಿಸಿದೆ.

“ಆಫಾ ಅತ್ಗೆ?”

“ಆಫ್.”

“ನೀವಂದ್ಮ್ಯಾಲ ಆಫೇ ಬುಡಿ.”

ಆಮೇಲೆ ಬಂದ ಎಲೆಕ್ಟ್ರಿಷಿಯನ್ ವಿವರಿಸಿದ ಪ್ರಕಾರ, ಆ ಹಳೆಯ ಮನೆಗೆ ವೈರಿಂಗ್ ಮಾಡಿದವರು ಯಾರೋ ತಂತಿಗಳನ್ನು ಅದಲುಬದಲು ಮಾಡಿದ್ದರು. ಸ್ವಿಚ್ಚು ತಡೆಯಬೇಕಾದ ತಂತಿಯನ್ನು ಬಿಟ್ಟು ಇನ್ನೊಂದನ್ನು ತಡೆಯುತ್ತಿತ್ತು. ಯಂತ್ರ ಆರುತ್ತಿತ್ತು, ವಿದ್ಯುತ್ತು ಮಾತ್ರ ಒಳಗೇ ಕಾದಿರುತ್ತಿತ್ತು. ಮಾದೇಶರ ಪಾದಗಳು ಒದ್ದೆ, ನೆಲ ಸಿಮೆಂಟಿನದು. ಮುಚ್ಚಳ ತೆಗೆದು ಒಳಗಿನ ಸರ್ಕ್ಯೂಟ್ ಹಲಗೆಯನ್ನು ಒಂದು ಕೈಯಲ್ಲಿ ಹಿಡಿದುಕೊಂಡರು.

ಅವರು ಕೂಗಲಿಲ್ಲ. ನಾನು ಮರೆಯಲಾರದ್ದು ಅದನ್ನೇ. ಭುಜ ಅದುರುತ್ತಿತ್ತು, ಬಾಯಿ ಅರ್ಧ ತೆರೆದಿತ್ತು, ಕೈ ಹಲಗೆಯನ್ನು ಬಿಡುತ್ತಿರಲಿಲ್ಲ, ಕಣ್ಣು ನನ್ನ ಮೇಲೇ ನೆಟ್ಟಿತ್ತು. ವಿದ್ಯುದಾಘಾತವಾದಾಗ ಏನು ಮಾಡಬೇಕೆಂಬ ಪ್ರಶ್ನೆಗೆ ಇಪ್ಪತ್ತು ವರ್ಷ ಉತ್ತರ ಬರೆಸಿದ, ಉತ್ತರ ತಪ್ಪಿದವರ ಅಂಕ ಕಳೆದ ನಾನು, ಒಂದು ಕೈಯನ್ನು ಎದೆಯ ಮಟ್ಟಕ್ಕೆ ಎತ್ತಿ, ಕರಿಹಲಗೆಯ ಮುಂದೆ ನಿಂತಂತೆ ನಿಂತಿದ್ದೆ. ಸಿಂಚನ ಅಪ್ಪನ ಕಡೆ ಕೈ ಚಾಚಿದಳು. ಅಷ್ಟರಲ್ಲಿ ಮಂಜುಳ ಒಳಗಿನಿಂದ ರಾಗಿ ಹಿಟ್ಟು ತಿರುವುವ ಕೋಲನ್ನು ಹಿಡಿದು ಬಂದವಳು, ಭುಜದಿಂದ ಮಗಳನ್ನು ಆಚೆ ತಳ್ಳಿ, ಗಂಡನ ಮಣಿಕಟ್ಟಿಗೆ ಎರಡು ಬಾರಿಸಿದಳು. ಎರಡನೆಯ ಏಟಿಗೆ ಕೈ ಬಿಟ್ಟಿತು. ಮಾದೇಶ ಹಿಂದಕ್ಕೆ ರಾಗಿ ಚೀಲದ ಮೇಲೆ ಬಿದ್ದರು. ನಾನು ಆಗಲೂ ಕೈ ಎತ್ತಿಕೊಂಡೇ ಇದ್ದೆ.

ಪಕ್ಕದ ಮನೆಯವರ ಕಾರಿನಲ್ಲಿ ಗುಂಡ್ಲುಪೇಟೆಯ ಆಸ್ಪತ್ರೆ. ಎರಡು ಬೆರಳು ಸುಟ್ಟಿದ್ದವು. ಎದೆಬಡಿತ ಹದ ತಪ್ಪಿದೆ, ಒಂದು ದಿನ ನೋಡಬೇಕು ಎಂದರು ಡಾಕ್ಟರು. ಹೊರಗಿನ ಬೆಂಚಿನ ಮೇಲೆ ಕೂತಾಗ, ಕೋಲು ತರಬೇಕೆಂದು ನಿನಗೆ ಹೇಗೆ ಹೊಳೆಯಿತೆಂದು ಮಂಜುಳಳನ್ನು ಕೇಳಿದೆ. ಎಸ್ಸೆಸ್ಸೆಲ್ಸಿಗೇ ಓದು ಬಿಟ್ಟವಳು ನನ್ನ ತಂಗಿ.

“ನೀನೇ ಅಲ್ವೇನಕ್ಕ, ಪರೀಕ್ಷೆ ಬಂತು ಅಂದ್ರ ಜಗಲಿ ಮ್ಯಾಲ ಕೂತು ಕೂಗ್ಕಂಡು ಓದ್ತಿದ್ದೆ. ಕೈಲಿ ಮುಟ್ಟಬಾರದು, ಒಣಗಿದ ಮರದಲ್ಲಿ ಬುಡಿಸ್ಬೇಕು ಅಂತ. ನಾನು ಒಲೆ ಮುಂದ ಕೂತು ಕೇಳ್ತಿದ್ದಿ.”

ನಾನು ಓದಿದ್ದು ನನಗೆ ಪದವಿಯಾಯಿತು. ಕೇಳಿಸಿಕೊಂಡವಳಿಗೆ ಅದು ಕೈಗೆ ಬಂತು. ಆ ಬೆಂಚಿನ ಮೇಲೆ ಅತ್ತವಳು ನಾನು, ಸಮಾಧಾನ ಮಾಡಿದವಳು ಅವಳು.

ಎದೆಬಡಿತ ಮರುದಿನಕ್ಕೆ ಹದಕ್ಕೆ ಬಂತು, ಮಾದೇಶ ಮನೆಗೆ ಬಂದರು. ನಿದ್ದೆ ಬರಲಿಲ್ಲ. ಕಣ್ಣು ಮುಚ್ಚಿದ ಸ್ವಲ್ಪ ಹೊತ್ತಿಗೇ ಬಲಗೈ ಜಗ್ಗಿ ಎಳೆದಂತಾಗಿ ಎದ್ದು ಕೂರುತ್ತಿದ್ದರಂತೆ. ಕಾರ್ಖಾನೆಗೆ ಹೋಗಲಾಗುತ್ತಿರಲಿಲ್ಲ, ಹೋದ ಒಂದು ದಿನ ಯಂತ್ರವನ್ನು ಮುಟ್ಟದೆ ಹಿಂದಿರುಗಿದ್ದರು. ಹೀಗೇ ಆದರೆ ಬೇರೆಯವರನ್ನು ಹಾಕಿಕೊಳ್ಳುತ್ತಾರೆಂದು ಮಂಜುಳ ಮೆಲ್ಲಗೆ ಹೇಳಿದಳು. ಚಾಮರಾಜನಗರದಲ್ಲಿ ನನಗೂ ನಿದ್ದೆ ಇರಲಿಲ್ಲ, ‘ಆಫಾ ಅತ್ಗೆ?’ ಎಂಬ ಪ್ರಶ್ನೆ, ‘ಆಫ್’ ಎಂಬ ನನ್ನ ಉತ್ತರ, ಮತ್ತೆ ಮೊದಲಿನಿಂದ.

ಮೂರು ವಾರದ ನಂತರ, ಕೈಯ ಕಟ್ಟು ಬಿಚ್ಚಿಸಲು ಎಲ್ಲರೂ ಗುಂಡ್ಲುಪೇಟೆಗೆ ಹೋದೆವು. ಮುಗಿಸಿಕೊಂಡು ಜೋಸಣ್ಣನ ಬೇಕರಿಗೆ ಬಂದಾಗ, ಸಿಂಚನ ಚೀಲದಿಂದ ಆ ತಟ್ಟೆಯನ್ನು ತೆಗೆದು ಮೇಜಿನ ಮೇಲಿಟ್ಟಳು. ಈ ಊರಿನಲ್ಲಿ ಯಾರಾದರೂ ಓಡಿಸಿ ಕೊಡುತ್ತಾರೇನೋ ಎಂದು ತಂದಿದ್ದಳಂತೆ. ಜೋಸಣ್ಣ ಅದನ್ನು ತಿರುಗಿಸಿ ನೋಡಿ, ಗಾಜಿನ ಬೀರುವಿನ ಮೇಲೆ ಬಟ್ಟೆ ಹೊದ್ದು ಕೂತಿದ್ದ ತನ್ನ ಭಾರಿ ಪ್ಲೇಯರನ್ನು ಇಳಿಸಿದ. ತನ್ನ ಜಾತಿಯ ತಟ್ಟೆಗಳು ಲೋಕದಲ್ಲಿ ಇಲ್ಲವಾದರೂ, ಹಳೆಯ ಡಿವಿಡಿಗಳನ್ನೆಲ್ಲ ಅದು ಭೇದವಿಲ್ಲದೆ ಓದುತ್ತಿತ್ತು. ಮೀನುಗಳನ್ನು ಹೊರತೆಗೆದು ನಮ್ಮ ಮದುವೆಯನ್ನು ಒಳಗಿಟ್ಟ.

ಅದು ಬಹಳ ಹೊತ್ತು ಯೋಚಿಸಿತು. ಆಮೇಲೆ ಬೇಕರಿಯ ಟಿ.ವಿ.ಯಲ್ಲಿ ಗುಂಡ್ಲುಪೇಟೆಯ ಛತ್ರದ ಬಾಗಿಲು, ಬಾಳೆಕಂಬ, ನನ್ನ ಕಪ್ಪು ಕೂದಲು. ಮತ್ತೆ ಅವ್ವ. ಆರತಿಯ ತಟ್ಟೆ ಹಿಡಿದು, ಬೆನ್ನು ನಮ್ಮ ಕಡೆಗೆ ಮಾಡಿ, ಛತ್ರದ ಉದ್ದಕ್ಕೂ ನಡೆದುಹೋಗುತ್ತಿದ್ದಾಳೆ. ಎಡಗಾಲಿನ ಬೆರಳನ್ನು ಸ್ವಲ್ಪ ಹೊರಗೆ ಹಾಕಿ, ಸೀರೆಯ ನೆರಿಗೆಯನ್ನು ಪಾದದಿಂದಲೇ ಸರಿಸುತ್ತ, ಯಾವ ಅವಸರವೂ ಇಲ್ಲದೆ. ಮಂಟಪದ ಹತ್ತಿರ ಯಾರೋ ಕರೆದರು, ಅವ್ವ ತಿರುಗಿದಳು. ತಿರುಗುತ್ತಿದ್ದಂತೆಯೇ ಚಿತ್ರ ಕಲ್ಲಾಯಿತು. ಮುಖದ ಜಾಗದಲ್ಲಿ ಬಣ್ಣದ ಚೌಕಗಳು. ಹತ್ತೊಂಬತ್ತು ವರ್ಷ ಸೀರೆಗಳ ನಡುವೆ ಇದ್ದ ತಟ್ಟೆ ಆ ಜಾಗದಲ್ಲಿ ಕೆಟ್ಟುಹೋಗಿತ್ತು. ಎಷ್ಟು ಸಲ ಹಿಂದಕ್ಕೆ ಓಡಿಸಿದರೂ ಅಷ್ಟೇ. ನಡಿಗೆ ಇದೆ, ಮುಖ ಇಲ್ಲ. ಸಿಂಚನ ಮೊಬೈಲಿನಲ್ಲಿ ಟಿ.ವಿ.ಯ ಚಿತ್ರವನ್ನು ಹಿಡಿದುಕೊಂಡಳು, ಹಿನ್ನೆಲೆಯಲ್ಲಿ ಚಹಾ ಲೋಟಗಳ ಸದ್ದು. ಹಿಡಿದು ಮುಗಿಸಿ ಕಣ್ಣೊರೆಸಿಕೊಂಡು ನೀರು ತರಲು ಎದ್ದು ಹೋದಳು. ನಾವು ಮೂವರೂ ಅವಳ ಪಾದಗಳನ್ನೇ ನೋಡುತ್ತಿದ್ದೆವು.

ಆಗ, ಲೆನ್ಸು ಒರೆಸಲು ಹೋಗಿ ಮಾದೇಶರ ಕೈ ಸುಟ್ಟದ್ದನ್ನು ನಮ್ಮಿಂದ ಕೇಳಿದ್ದ ಜೋಸಣ್ಣ, ಯಾವ ದುರುದ್ದೇಶವೂ ಇಲ್ಲದೆ, ಒಂದು ಮಾತು ಹೇಳಿದ. “ಇದು ಪ್ಲಸ್ ಅಲ್ವೇ ಟೀಚರೇ. ಕೆಲವು ಹಳೇ ಪ್ಲೇಯರ್ ಇದನ್ನು ತಗೊಳ್ಳೂದೇ ಇಲ್ಲ. ಲೆನ್ಸ್ ಎಷ್ಟು ಒರಸಿದ್ರೂ ತಗೊಳ್ಳೂದಿಲ್ಲ.”

ಮಾದೇಶ ಚಹಾದ ಲೋಟವನ್ನು ಎಡಗೈಯಿಂದ ಕೆಳಗಿಟ್ಟರು. ನಾನು ಆಶ್ಚರ್ಯ ನಟಿಸಬಹುದಿತ್ತು. ಅಭ್ಯಾಸವೇನೂ ಕಡಿಮೆ ಇರಲಿಲ್ಲ.

“ನನಗೆ ಗೊತ್ತಿತ್ತು,” ಎಂದೆ. “ಮೊದಲನೇ ದಿನವೇ ಗೊತ್ತಿತ್ತು. ತಪ್ಪು ಮಿಷನ್ನು ತಂದಿದ್ದು ನಾನು. ಲೆನ್ಸಿಗೆ ಏನೂ ಆಗಿರಲಿಲ್ಲ.”

ಮಂಜುಳ ಮೇಜನ್ನು ನೋಡುತ್ತ, “ನಂಗೂ ಗೊತ್ತಿತ್ತು,” ಎಂದಳು. ಪುಟ್ಟಸ್ವಾಮಿ ಅವಳಿಗೆ ಯಾವತ್ತೋ ಹೇಳಿದ್ದನಂತೆ. “ತವರ್ನೋರು ಕೊಟ್ಟಿದ್ದು ಸರಿಯಿಲ್ಲ ಅಂತ ಅತ್ತೆ ಮನಲಿ ಯಾವ ಬಾಯಲ್ಲಿ ಹೇಳನ ಅಕ್ಕ?”

ಮಾದೇಶ ತಮ್ಮ ಬಲಗೈಯ ಎರಡು ಬೆರಳುಗಳನ್ನು ನೋಡಿಕೊಂಡರು. ಹೊಸ ಚರ್ಮ ತೆಳ್ಳಗೆ, ಗುಲಾಬಿ ಬಣ್ಣಕ್ಕೆ ಬಂದಿತ್ತು.

“ವರ್ಷಾ ವರ್ಷಾ ಒರಸ್ತಿದ್ದಿ,” ಎಂದರು. “ಪ್ಲಸ್ಸು ಮೈನಸ್ಸು ಎಲ್ಲಾ ನಿಮ್ಮ ಅಕ್ಕ ತಂಗೀರ್ದು, ಕರೆಂಟ್ ಮಾತ್ರ ನಂದಾ?”

ನಗೆಚಾಟಿಕೆಯ ಮಾತಿನ ಹಾಗೇ ಇತ್ತು. ಆದರೆ ಅವರು ನಗಲಿಲ್ಲ. ಬಸ್ಸಿನಲ್ಲಿ ನಮ್ಮಿಂದ ದೂರದ ಸೀಟಿನಲ್ಲಿ ಕೂತರು. ತೆರಕಣಾಂಬಿಯಲ್ಲಿ ಇಳಿಯುವಾಗ ‘ಬರ್ತೀನಿ ಅತ್ಗೆ’ ಎನ್ನುವ ಮಾತು ಆ ದಿನ ಬರಲಿಲ್ಲ. ಚಾಮರಾಜನಗರದವರೆಗೆ ನಾನು ಕಿಟಕಿಯ ಗಾಜಿನಲ್ಲಿ ನನ್ನ ಮುಖವನ್ನು ನೋಡಿಕೊಂಡು ಬಂದೆ. ಎರಡು ಬಣಗಳ ಜಗಳದಲ್ಲಿ ಯಾರು ಸೋಲುತ್ತಾರೆಂದು ಆ ಪತ್ರಿಕೆ ಪುಟಗಟ್ಟಲೆ ಬರೆದಿತ್ತು. ಒಂದು ಕಂಪನಿ ಸೋತರೆ ಇನ್ನೊಂದು ವಸ್ತು ಮಾಡುತ್ತದೆ. ಆಯ್ಕೆ ತಪ್ಪಾಯಿತೆಂದು ಒಪ್ಪಿಕೊಳ್ಳಲಾರದ ಗ್ರಾಹಕರ ಮನೆಯಲ್ಲಿ ಮುಂದೇನಾಗುತ್ತದೆಂಬುದನ್ನು ಅದು ಬರೆದಿರಲಿಲ್ಲ.

ಆ ವಾರವೆಲ್ಲ ಫೋನಿಲ್ಲ. ಶನಿವಾರ ಬೆಳಗ್ಗೆ ಶಾಲೆಗೆ ಹೊರಡುವಾಗ ಮಂಜುಳಳ ಕರೆ ಬಂತು. ಹಿಂದಿನ ದಿನ ಮಾದೇಶ ತಾವೇ ಎಲೆಕ್ಟ್ರಿಷಿಯನ್ನನ್ನು ಕರೆಸಿ, ಪಕ್ಕದಲ್ಲೇ ನಿಂತು, ಮನೆಯ ಎಲ್ಲ ಸ್ವಿಚ್ಚುಗಳನ್ನೂ ಬಿಚ್ಚಿಸಿ ತಂತಿಗಳನ್ನು ಸರಿಯಾದ ಜಾಗಕ್ಕೆ ಹಾಕಿಸಿದರಂತೆ. “ರಾತ್ರ ಮಲಗ್ದೋರು ಒಂದೇ ಮಗ್ಗುಲು ಕಣಕ್ಕ. ಕೈ ಅಲ್ಲಾಡಲಿಲ್ಲ. ನಾನೇ ಎರಡು ಸಲ ಎದ್ದು ಮೂಗಿನ ಹತ್ರ ಬೆರಳಿಟ್ಟು ನೋಡ್ದಿ.”

ಶಾಲೆ ಮುಗಿದ ಕೂಡಲೇ ನೇರ ತೆರಕಣಾಂಬಿಗೆ ಹೋದೆ. ಮಾದೇಶ ಬಾಗಿಲಲ್ಲೇ ಇದ್ದರು. ಬನ್ನಿ ಎಂದೂ ಅನ್ನಲಿಲ್ಲ, ಯಾಕೆ ಬಂದಿರಿ ಎಂದೂ ಅನ್ನಲಿಲ್ಲ. ಗೋಡೆಯ ಆ ಸ್ವಿಚ್ಚಿನ ಹತ್ತಿರ ಹೋಗಿ, ವಿದ್ಯುತ್ತಿದ್ದರೆ ಮಿನುಗುವ ಟೆಸ್ಟರನ್ನು, ಬೀರು ಸರಿಸಿದ್ದರಿಂದ ಈಗ ಕೈಗೆ ಸಿಗುತ್ತಿದ್ದ ಸಾಕೆಟ್ಟಿನ ತೂತಿಗೆ ಇಟ್ಟು ಹಿಡಿದರು. ಸುಟ್ಟ ಬೆರಳುಗಳ ಕೈಯಲ್ಲೇ ಹಿಡಿದಿದ್ದರು. ಪುಟ್ಟ ದೀಪ ಕೆಂಪಗೆ ಉರಿಯಿತು.

“ಆರ್ಸಿ ಅತ್ಗೆ,” ಎಂದರು.

ನನ್ನ ಬೆರಳು ಎಷ್ಟು ಹೊತ್ತು ಸ್ವಿಚ್ಚಿನ ಮೇಲೆ ನಿಂತಿತ್ತೋ ತಿಳಿಯದು. ಅವರು ಕಾದರು. ಒತ್ತಿದೆ. ಟೆಸ್ಟರಿನ ದೀಪ ನಂದಿತು.

“ಈಗ ನೀವು ಆಫ್ ಅಂದ್ರ ಆಫು,” ಎಂದು ಟೆಸ್ಟರನ್ನು ಜೇಬಿಗಿಟ್ಟುಕೊಂಡು ತೋಟಕ್ಕೆ ಹೋದರು.

ಆ ರಾತ್ರಿ ಅಲ್ಲೇ ಉಳಿದೆ. ಎಚ್ಚರವಾದಾಗ ಬಿಸಿಲು ಹೊಸ್ತಿಲು ದಾಟಿತ್ತು. ಗಡಿಯಾರ ಏಳೂವರೆ ತೋರಿಸುತ್ತಿತ್ತು, ಅಂದರೆ ಏಳು ಇಪ್ಪತ್ತು. ಒಳಗಿನ ಕೋಣೆಯಿಂದ ಮಾದೇಶರ ಗೊರಕೆ ಇನ್ನೂ ಕೇಳುತ್ತಿತ್ತು. ಟಿ.ವಿ.ಯ ಕೆಳಗೆ ಹಳೆಯ ಪ್ಲೇಯರು ಹಾಗೇ ಇದೆ, ಪ್ಲಗ್ಗನ್ನು ಕಿತ್ತು ನೆಲದ ಮೇಲೆ ಸುರುಳಿ ಸುತ್ತಿಟ್ಟಿದ್ದಾರೆ. ಬೇರೆಲ್ಲೂ ಗೀರು ಬೀಳಬಾರದೆಂದು ಸಿಂಚನ ಮದುವೆಯ ತಟ್ಟೆಯನ್ನು ಅದರೊಳಗೇ ಇಟ್ಟಿದ್ದಾಳೆ. ಈಗ ಅದರ ಬಾಯಲ್ಲಿ ತಟ್ಟೆ ಇದೆ. ಇಲ್ಲ ಎಂದು ಹೇಳುವ ಹಸಿರು ಅಕ್ಷರಗಳು ಆರಿವೆ.